ಪ್ರತಿ ಬಾಗಿಲಿಗೆ ನಲ್ಲಿ

ಅಕ್ಟೋಬರ್ ೪, ಸೋಮವಾರ

ಇವತ್ತಿನಿಂದ ನಾನು ಭಾವನ ಕಾರ್ಯದರ್ಶಿ. ಸಂಬಳ ಎರಡು ಹೊತ್ತಿನ ಊಟ ಮತ್ತು ಅಕ್ಕನ ಬೈಗುಳ. ಇವೆರಡೂ ನಿನ್ನೆಯವರೆಗೆ ಪುಕ್ಕಟೆ ಸಿಗುತ್ತಿದ್ದವು. ಇನ್ನು ಮೇಲೆ ದುಡಿದು ಸಂಪಾದಿಸಬೇಕು, ಅಷ್ಟೇ ವ್ಯತ್ಯಾಸ.

ಭಾವ ಪ್ರಾಂತ್ಯದ ಶಾಸನಸಭೆಗೆ ನಿಲ್ಲುತ್ತಾರಂತೆ. ನಗು ಬಂದರೆ ಇಲ್ಲೇ ನಗಬೇಕು, ಕೆಳಗೆ ಅಕ್ಕ ಇದ್ದಾಳೆ. ಭಾವ ವಕೀಲರು, ಸಜ್ಜನರು, ಆದರೆ ಹುಟ್ಟಿದಾಗಿನಿಂದ ಒಂದು ವಾಕ್ಯವನ್ನೂ ದಡ ಸೇರಿಸಿದವರಲ್ಲ. "ಈ ವಿಷಯದಲ್ಲಿ ನನ್ನ ಅಭಿಪ್ರಾಯ ಏನೆಂದರೆ..." ಎನ್ನುತ್ತಾರೆ, ಆಮೇಲೆ ಕೆಮ್ಮುತ್ತಾರೆ. ಕ್ರಿಯಾಪದ ಯಾವಾಗಲೂ ಕೆಮ್ಮಿನೊಳಗೇ ಹೋಗಿಬಿಡುತ್ತದೆ. ಹಾಗಾಗಿ ಊರಿನ ಪ್ರತಿಯೊಬ್ಬನಿಗೂ ಭಾವ ತನ್ನ ಕಡೆಯವರೇ ಎಂಬ ನಂಬಿಕೆ. ಎದುರಾಳಿ ಬೆಳ್ಳಿಕೋಲಿನವರು. ಅವರ ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ಮನೆಯಲ್ಲಿ ಮೋಟಾರು ಕಾರು, ಗುಡ್ಡದ ಮೇಲಿನ ದೊರೆಗಳ ಕ್ಲಬ್ಬಿನಲ್ಲಿ ಒಂದು ಕುರ್ಚಿ.

"ನೀನು ಮೇಲೆ ಕೂತು ಪದ ಕುಟ್ಟಿದ್ದು ಸಾಕು," ಎಂದಳು ಅಕ್ಕ. "ಇವರಿಗೆ ಮಾತು ಬೇಕು. ನಿನ್ನ ಹತ್ರ ಕೊಳೀತಾ ಬಿದ್ದಿದೆ."

ಕುಟ್ಟುತ್ತಿರುವುದು ಪ್ರಾಸಕೋಶ. ಶಾಲೆಯ ಕೆಲಸ ಹೋದ ಮೇಲೆ ಹಿಡಿದದ್ದು. ಕೆಲಸ ಹೋದದ್ದೂ ಪ್ರಾಸದಿಂದಲೇ. ತನಿಖೆಗೆ ಬಂದ ಸಾಹೇಬರು ಅಂತ್ಯಪ್ರಾಸಕ್ಕೊಂದು ಉದಾಹರಣೆ ಕೇಳಿದರು. "ಸಾಹೇಬರು ಬಂದರು, ಮಕ್ಕಳೆಲ್ಲ ನೊಂದರು" ಎಂದು ಹಲಗೆಯ ಮೇಲೆ ಬರೆದೆ. ಉದಾಹರಣೆ ಸರಿಯಾಗಿಯೇ ಇತ್ತು.

ಕೋಶ ಈಗ 'ಧ'ವರೆಗೆ ಮುಗಿದಿದೆ. ಚುನಾವಣೆ ಮುಗಿದ ಮರುದಿನವೇ ನಕಾರಕ್ಕೆ ಕೈ ಹಾಕುವೆ. ಅಲ್ಲಿಯವರೆಗೆ ಭಾವನ ಭಾಷಣ, ನನಗೆ ಉಪೋಷಣ.

ಅಕ್ಟೋಬರ್ ೯, ಶನಿವಾರ

ಕರಪತ್ರ ಬರೆದೆ. ಇಪ್ಪತ್ತು ಸಾಲಿನ ಪದ್ಯ. ಅಕ್ಕ ಒಲೆಯ ಮುಂದೆ ಕೂತೇ ಕೇಳಿದಳು. "ಇಷ್ಟು ಓದೋ ಹೊತ್ತಿಗೆ ಚುನಾವಣೆ ಮುಗಿದಿರುತ್ತೆ. ಒಂದು ಸಾಲು ಸಾಕು" ಎಂದು ತೀರ್ಪು ಕೊಟ್ಟಳು. ಹತ್ತೊಂಬತ್ತು ಕೂಸುಗಳನ್ನು ಕೊಂದು ಒಂದನ್ನು ಉಳಿಸಿಕೊಂಡೆ:

ಪ್ರತಿ ಬಾಗಿಲಿನಲ್ಲಿ ನಿಮ್ಮ ಸೇವಕ.

ಕೆಳಗೆ ಭಾವನ ಸಹಿ. ಮನೆಯ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. 'ಬಾಗಿಲಿ' ಎನ್ನುವಷ್ಟರಲ್ಲಿ ಕಾಗದದ ಅಂಚು ಬಂತು, 'ನಲ್ಲಿ' ಎನ್ನುವುದನ್ನು ಕೆಳಗಿನ ಸಾಲಿಗೆ ಇಳಿಸಿದೆ.

ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಅಚ್ಚಣ್ಣ ಕಾಗದವನ್ನು ದೀಪಕ್ಕೆ ಹಿಡಿದು, ಕನ್ನಡಕ ಏರಿಸಿ, ಇಳಿಸಿ ನೋಡಿದ.

"ಅರ್ಥ ಆಗೋ ಹಾಗಿದೆಯಾ ಮೇಷ್ಟ್ರೇ?"

"ಓದೋರಿಗೆ ಆಗುತ್ತೆ."

"ಯೋಚನೆ ಬಿಡಿ. ನನ್ನ ಕೈಯಿಂದ ಅರ್ಥ ಇಲ್ಲದ ಸಾಲು ಇವತ್ತಿನವರೆಗೆ ಹೊರಗೆ ಹೋಗಿಲ್ಲ. ಇಲ್ದಿದ್ರೆ ನಾನೇ ಬರಿಸಿ ಕಳಿಸ್ತೀನಿ."

ಕರಡಚ್ಚು ನೋಡಲು ಕಾಯಲಿಲ್ಲ. ಭಾವನಿಗೆ ಕ್ರಿಯಾಪದ ಹೇಳಿಕೊಡುವ ಹೊತ್ತಾಗಿತ್ತು.

ಅಕ್ಟೋಬರ್ ೧೨, ಮಂಗಳವಾರ

ಬಾಗಿಲಿಗೆ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಅರ್ಧ ಹೆದರಿಕೆಗೆ, ಅರ್ಧ ನಗುವಿಗೆ.

ಬೆಳಿಗ್ಗೆ ಭಾವನ ಪರವಾಗಿ ಕೆಳಬೀದಿಗೆ ಹೋದೆ. ಊರಿನ ಭೂಗೋಳ ನನಗಾಗಿ ಬರೆದಿಡುವ ಅಗತ್ಯವಿಲ್ಲ, ಆದರೂ ಬರೆಯುತ್ತೇನೆ, ಮನಸ್ಸು ಸ್ವಲ್ಪ ತಣ್ಣಗಾಗಲಿ. ಗುಡ್ಡದ ಮೇಲೆ ದೊರೆಗಳ ಬಂಗಲೆಗಳು. ಅಲ್ಲಿ ನಲ್ಲಿಗಳಿವೆ, ಹುಲ್ಲಿಗೂ ಒಂದು ನಲ್ಲಿ. ನಡುಬೀದಿಯಲ್ಲಿ ನಮ್ಮಂಥವರು, ಹಿತ್ತಲಲ್ಲಿ ಬಾವಿ. ಕೆಳಬೀದಿಯವರಿಗೆ ಒಂದೇ ಒಂದು ಸವಳು ಬಾವಿ, ಅದೂ ಬೇಸಿಗೆಯಲ್ಲಿ ಕೈಕೊಟ್ಟರೆ ರೈಲುಹಳಿ ದಾಟಿ ಕೆರೆಗೆ ಹೋಗಬೇಕು.

ಆ ಬಾವಿಯ ಹತ್ತಿರ ಹೆಂಗಸರು ನನ್ನನ್ನು ಸುತ್ತುವರಿದರು. ಮುಂದಾಳು ಕೊಡದಕ್ಕ. ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸುವವಳು ಅವಳೇ, ಹಾಗಾಗಿ ಕೆಳಬೀದಿಯ ಹೈಕೋರ್ಟು. ಸೊಂಟದ ಮೇಲೆ ಕೊಡ, ಕೊಡದ ಮೇಲೆ ಕೈ.

"ನಲ್ಲಿ ಯಾವಾಗ ಮೇಷ್ಟ್ರೇ?"

ಹೆಂಗಸರಿಗೆ ವ್ಯಾಕರಣದಲ್ಲಿ ಇಷ್ಟು ಆಸಕ್ತಿ ಇದೆಯೆಂದು ಎದೆ ತುಂಬಿ ಬಂತು. "ನಲ್ಲಿ ಅಂದರೆ ಸಪ್ತಮಿ ಅಮ್ಮಾ," ಎಂದೆ, ವಿಭಕ್ತಿ ಎನ್ನುವುದರೊಳಗೆ ಅವಳು ಬಾಯಿ ಹಾಕಿದಳು.

"ಸಪ್ತಮಿಯೋ ಅಷ್ಟಮಿಯೋ, ಯಾವ ತಿಂಗಳು ಅಂತ ಹೇಳಿ."

ಕೈಗೆ ಕರಪತ್ರ ಕೊಟ್ಟಳು. ಅಚ್ಚಣ್ಣ ಅರ್ಥ ಬರಿಸಿದ್ದ:

ಪ್ರತಿ ಬಾಗಿಲಿಗೆ ನಲ್ಲಿ.
ನಿಮ್ಮ ಸೇವಕ,

ಅದರ ಕೆಳಗೆ ಭಾವನ ಸಹಿ. 'ಬಾಗಿಲಿ' ಎಂಬ ಮೊಂಡು ಪದಕ್ಕೆ ಒಂದು 'ಗೆ' ಅಂಟಿಸಿ, 'ನಲ್ಲಿ'ಯ ಮುಂದೆ ಪೂರ್ಣವಿರಾಮ ಇಟ್ಟಿದ್ದಾನೆ, ಮಹಾನುಭಾವ. ಭಾವ ಜೀವಮಾನದಲ್ಲಿ ಇಡದ ಪೂರ್ಣವಿರಾಮ.

ಊರಿನ ಗೋಡೆ ಗೋಡೆಯ ಮೇಲೂ ಅದೇ.

ಅಕ್ಟೋಬರ್ ೧೩, ಬುಧವಾರ

ಭಾವ ತಿದ್ದುಪಡಿ ಅಚ್ಚು ಹಾಕಿಸೋಣ ಎಂದರು. ಅಂದರೆ "ತಿದ್ದುಪಡಿ..." ಎಂದು ಕೆಮ್ಮಿದರು.

ಅಕ್ಕ: "ಸುಮ್ಮನೆ ಕೂತ್ಕೊಳ್ಳಿ. ಓಟು ಗಂಡಸರದ್ದು ಅಂತ ಸರ್ಕಾರ ಬರೆದಿದೆ. ಆ ಗಂಡಸರಿಗೆ ಊಟ ಬಡಿಸೋರು ಯಾರು ಅಂತ ಬರೆದಿದೆಯಾ?"

ತಿದ್ದುಪಡಿ ಇಲ್ಲ.

ನವೆಂಬರ್ ೧೦, ಬುಧವಾರ

ಗೆದ್ದರು! ಬೆಳ್ಳಿಕೋಲಿನವರು ಕೋಲು ಎಲ್ಲೋ ಮರೆತು ಹೋದರಂತೆ. ಕೆಳಬೀದಿಯಲ್ಲಿ ಓಟು ಇರುವ ಗಂಡಸರೆಲ್ಲ ಬೆಳಿಗ್ಗೆಯೇ ಸಾಲುಗಟ್ಟಿ ಬಂದಿದ್ದರು. ಅವರ ಮುಖ ನೋಡಿದರೆ ಕಳುಹಿಸಿದವರು ಯಾರೆಂದು ಗೊತ್ತಾಗುತ್ತಿತ್ತು.

ಚೌಕದಲ್ಲಿ ಭಾವನನ್ನು ಒಂದು ಗಾಡಿಯ ಮೇಲೆ ಹತ್ತಿಸಿದರು. ಭಾವ ಶುರು ಮಾಡಿದರು: "ಮಹಾಜನರೇ, ಈ ಸಂದರ್ಭದಲ್ಲಿ ನಾನು ಹೇಳಬಯಸುವುದು ಏನೆಂದರೆ..."

ಕೆಮ್ಮು ಬರುವ ಮೊದಲೇ ಜನ ಕೂಗಿದರು: "ನಲ್ಲಿ!"

"ಮುಂದಿನ ದಿನಗಳಲ್ಲಿ ನಿಮಗೆಲ್ಲ ನಾನು..."

"ನಲ್ಲಿ!"

ಅರ್ಧ ಗಂಟೆ ಹೀಗೇ. ಭಾವನ ಬದುಕಿನಲ್ಲಿ ಮೊದಲ ಬಾರಿಗೆ ಎಲ್ಲ ವಾಕ್ಯಗಳೂ ಮುಗಿದವು, ಮುಗಿಸಿದವರು ಬೇರೆ. ಇವತ್ತಿನಿಂದ ಅವರ ಹೆಸರು ನಲ್ಲಿ ವಕೀಲರು.

ನನ್ನ ಕೆಲಸ ಮುಗಿಯಿತು. ನಾಳೆ ನಕಾರ.

ನವೆಂಬರ್ ೧೧, ಗುರುವಾರ

ನಕಾರ ಹಿಡಿದೆ. ಮೊದಲ ಪದವೇ 'ನಲ್ಲಿ' ಎಂದು ಬಂತು. ಅಕಾರಾದಿಯಲ್ಲಿ ಅದಕ್ಕೆ ಅಷ್ಟು ಮುಂದೆ ಬರುವ ಹಕ್ಕಿಲ್ಲ, ಆದರೂ ಬಂತು. ಪುಸ್ತಕ ಮುಚ್ಚಿದೆ.

ರಾಜಧಾನಿಗೆ ಭಾವನ ಜೊತೆ ಯಾರಾದರೂ ಹೋಗಬೇಕಂತೆ. ಒಂದು ಅಧಿವೇಶನ, ಅಷ್ಟೇ.

ಜನವರಿ ೧೯, ಬುಧವಾರ

ರಾಜಧಾನಿ. ವಸತಿಗೃಹದ ಮೂರನೇ ಮಹಡಿ. ಕಿಟಕಿ ಮುಚ್ಚಿದರೆ ಕತ್ತಲೆ, ತೆರೆದರೆ ಕುದುರೆಲಾಯ.

ಶಾಸನಸಭೆಯಲ್ಲಿ ದೊರೆಗಳ ಭಾಷೆ ಬಲ್ಲವರು ಅದರಲ್ಲೇ ಮಾತಾಡಬೇಕು, ಬಾರದವರಿಗೆ ಮಾತ್ರ ನಮ್ಮ ಭಾಷೆಗೆ ಅಪ್ಪಣೆ. ಅಂದರೆ ಬಂದದ್ದೇ ತಪ್ಪು. ಭಾವನಿಗೆ ಅದು ಚೆನ್ನಾಗಿ ಬರುತ್ತದೆ, ಆದರೆ ಅದರಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ, ಕೆಮ್ಮಲು ಜಾಗವೇ ಇಲ್ಲ. ಪಾಪ, ಎರಡು ದಿನ ಹಲ್ಲು ಕಚ್ಚಿಕೊಂಡು ಕೂತಿದ್ದರು.

ಇವತ್ತು ಪ್ರಶ್ನೆ ಕೇಳಿದರು. ನಾನೇ ಬರೆದುಕೊಟ್ಟದ್ದು: ನಮ್ಮ ಊರಿನ ಕೆಳಬೀದಿಗೆ ನಲ್ಲಿ ಏಕಿಲ್ಲ? ಸರ್ಕಾರದ ಪರವಾಗಿ ಲೋಕೋಪಯೋಗಿ ಇಲಾಖೆಯ ದೊರೆ ಎದ್ದರು. ಕೆಂಪು ಮುಖ, ಬಿಳಿ ಮೀಸೆ. ಗುಡ್ಡದ ಮೇಲಿನ ತೊಟ್ಟಿಯಿಂದ ಕೆಳಬೀದಿಗೆ ನೀರು ಒಯ್ಯಲು ತಾಂತ್ರಿಕ ಅಡಚಣೆ ಇದೆ ಎಂದರು. ಕೆಳಗೆ ಹರಿಯಲು ನೀರಿಗೆ ಅಡಚಣೆ! ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದ ನನಗೆ ಪ್ರಾಸ ಕೂಡ ಹೊಳೆಯಲಿಲ್ಲ.

ಆಗ ಭಾವ ಎದ್ದರು. ಯಾರೂ ಬರೆದುಕೊಟ್ಟಿರಲಿಲ್ಲ. ದೊರೆಗಳ ಭಾಷೆಯನ್ನು ಬಿಟ್ಟು ನೇರ ನಮ್ಮ ಮಾತಿನಲ್ಲಿ:

"ನಮ್ಮ ಊರಲ್ಲಿ ನೀರು ದೊರೆಗಳ ಮಾತು ಕೇಳಿ ಮೇಲಕ್ಕೆ ಹತ್ತುತ್ತದೆ. ಅದೇ ನೀರು ನಮ್ಮ ಮಾತು ಕೇಳಿ ಕೆಳಕ್ಕೆ ಇಳಿಯುವುದಿಲ್ಲವೇ?"

 ಗಡಿಯಾರದ ಕೆಳಗೆ ಕೂತಿದ್ದ ಒಬ್ಬ ಮುದುಕ ಸದಸ್ಯರು 'ಹ್ಹೆ' ಎಂದರು. ಅಲ್ಲಿಂದ ನಗು ಹತ್ತಿಕೊಂಡಿತು. ಗವರ್ನರರ ಕಾರ್ಯದರ್ಶಿ ಕೂಡ ಕಾಗದ ಮುಖಕ್ಕೆ ಹಿಡಿದ. ಅಧ್ಯಕ್ಷರು ಭಾಷೆಯ ನಿಯಮ ನೆನಪಿಸಿದರು. ಭಾವ ಕ್ಷಮೆ ಕೇಳಿದರು, ಅದನ್ನೂ ನಮ್ಮ ಭಾಷೆಯಲ್ಲೇ.

ಹೊರಗೆ ಬಂದು ನನ್ನ ತೋಳು ಹಿಡಿದರು. "ಮುಗಿಸಿದೆನೇನೋ?"

"ಮುಗಿಸಿದಿರಿ ಭಾವ."

"ಪೂರ್ತಿ?"

"ಪ್ರಶ್ನಾರ್ಥಕ ಚಿಹ್ನೆಯ ಸಮೇತ."

ದಾರಿಯುದ್ದಕ್ಕೂ ಇಬ್ಬರೂ ಎಳೆ ಹುಡುಗರ ಹಾಗೆ ನಕ್ಕೆವು. ಟಾಂಗಾದವನು ನಮ್ಮನ್ನು ಕುಡಿದವರೆಂದು ತಿಳಿದು ಬಾಡಿಗೆ ಮೊದಲೇ ಕೇಳಿದ.

ಫೆಬ್ರವರಿ ೭, ಸೋಮವಾರ

ಊರಿಗೆ ಬಂದರೆ ಬಾಗಿಲಲ್ಲೇ ನೋಟೀಸು. ಬೆಳ್ಳಿಕೋಲಿನವರು ಚುನಾವಣಾ ತಕರಾರು ಹಾಕಿದ್ದಾರೆ. ಮತದಾರರಿಗೆ ನಲ್ಲಿಯ ಆಸೆ ತೋರಿಸಿದ್ದು ಲಂಚ, ಆದ್ದರಿಂದ ಆಯ್ಕೆ ರದ್ದಾಗಬೇಕು. ಇದೇ ತಿಂಗಳು ವಿಚಾರಣೆ.

ನಮ್ಮ ಕಡೆಯ ವಕೀಲರು, ಭಾವನ ಹಳೆಯ ಗೆಳೆಯರು, ಮೂಗಿಗೆ ನಸ್ಯ ಏರಿಸಿ ನಕ್ಕರು. "ಇದೇನು ಮಹಾ? ಅಚ್ಚಿನ ತಪ್ಪು ಅಂತ ಒಂದು ಮಾತು ಹೇಳಿದರಾಯ್ತು. ಮೂಲ ಬರಹ ಇದೆ, ಬರೆದ ಭಾವಮೈದ ಇದ್ದಾನೆ. ಸ್ಥಾನ ಭದ್ರ."

"ನಲ್ಲಿ?" ಎಂದಳು ಅಕ್ಕ.

"ಯಾವ ನಲ್ಲಿ? ಆ ಮಾತೇ ಕೊಟ್ಟಿಲ್ಲ ಅಂತಾನೇ ಅಲ್ವೇ ನಮ್ಮ ವಾದ? ಸರ್ಕಾರವೂ ಬಿಡುತ್ತೆ, ಜನವೂ ಕೇಳೋ ಹಾಗಿಲ್ಲ."

ಭಾವ ಕಿಟಕಿಯ ಕಡೆ ನೋಡುತ್ತಿದ್ದರು.

ನನಗೇನು, ನಾನು ಸಾಕ್ಷಿ. ವಿಭಕ್ತಿ ಪ್ರತ್ಯಯ ಪದವಲ್ಲ ಎಂದು ಸಾಬೀತು ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. (ನೀರಿನ ಮಾತು ಬೇಡ.)

ಫೆಬ್ರವರಿ ೧೩, ಭಾನುವಾರ

ಕತ್ತು ತಿರುಗುವುದಿಲ್ಲ. ಬರೆಯುತ್ತಿರುವುದೂ ಓರೆಯಾಗಿ.

ವಿಚಾರಣೆಗೆ ಮೊದಲು ಕೆಳಬೀದಿಯವರಿಗೆ ವಿಷಯ ಮೃದುವಾಗಿ ತಿಳಿಸಬೇಕು ಎಂದು ನಾನೇ ಹೋದೆ. ಬಾವಿ ಆಗಲೇ ತಳ ಕಂಡಿದೆ. ಕೊಡದಕ್ಕ ಕೆರೆಗೆ ಹೊರಟಿದ್ದಳು. ಮಾತಾಡುತ್ತ ಜೊತೆಗೆ ನಡೆದೆ. ಅಚ್ಚು, ಮೊಳೆ, ಪ್ರತ್ಯಯ ಎಲ್ಲ ವಿವರಿಸುವಷ್ಟರಲ್ಲಿ ಕೆರೆ ಬಂತು. ಅವಳು ಕೊಡ ತುಂಬಿದಳು.

"ಅಂದ್ರೆ ಅಕ್ಷರ ಕೆಳಗೆ ಜಾರಿದ್ದಕ್ಕೆ ನಲ್ಲಿ ಹುಟ್ಟಿತು, ಈಗ ಮೇಲಕ್ಕೆ ಎತ್ತಿಟ್ಟರೆ ನಲ್ಲಿ ಸಾಯುತ್ತೆ?"

"ಸರಿಯಾಗಿ ಹೇಳಿದೆ."

"ಎತ್ತೋದು ಅಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಇದನ್ನೂ ಸ್ವಲ್ಪ ಎತ್ತಿ ನೋಡೋಣ." ಕೊಡವನ್ನು ನನ್ನ ಹೆಗಲಿಗೇರಿಸಿದಳು.

ಎಲ್ಲ ಹೆಂಗಸರೂ ನಿಂತು ನೋಡಿದರು. ರೈಲುಹಳಿಯ ಹತ್ತಿರ ಮೊದಲ ಸಲ ಚೆಲ್ಲಿದೆ, ಅಲ್ಲೇ ಎರಡನೇ ಸಲ. "ಮೇಷ್ಟ್ರು ಪ್ರಾಸ ಹಾಕ್ತಿದ್ದಾರೆ ಕಣ್ರೇ, ಒಂದೇ ಕಡೆ ಎರಡು ಸಲ!" ಎಂದಳು ಹಿಂದಿನಿಂದ ಯಾರೋ. ಬೀದಿ ಮುಟ್ಟುವಾಗ ಕೊಡದಲ್ಲಿ ಅರ್ಧ, ನನ್ನ ಕೋಟಿನಲ್ಲಿ ಇನ್ನರ್ಧ.

"ನಿಮ್ಮ ಭಾವ ಇಲ್ಲೇ ಹುಟ್ಟಿದ್ದು, ಗೊತ್ತಾ?" ಎಂದಳು ಕೊಡದಕ್ಕ, ಕೊಡ ಇಳಿಸಿಕೊಳ್ಳುತ್ತ. "ಆ ಮೂಲೆ ಮನೆ. ಅವನಮ್ಮ ನಮಗೆಲ್ಲ ದೊಡ್ಡಮ್ಮ. ನಾನು ಅವನನ್ನ ಸೊಂಟದ ಮೇಲೆ ಹೊತ್ತು ತಿರುಗಿದ್ದೀನಿ. ಆಗಲೂ ಅಳೋದನ್ನ ಅರ್ಧಕ್ಕೇ ನಿಲ್ಲಿಸ್ತಿದ್ದ."

ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇನೆ.

ಕತ್ತಿಗೆ ಅಕ್ಕ ಬಿಸಿ ಬಟ್ಟೆ ಇಟ್ಟಳು, ಬೈಯದೆ. ಅದೇ ಭಯ.

ಫೆಬ್ರವರಿ ೨೩, ಬುಧವಾರ

ನಾಳೆ ವಿಚಾರಣೆ. ಭಾವ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದರು: "ನೀನು ನಿಜ ಹೇಳು. ನನ್ನ ಸ್ಥಾನದ ಯೋಚನೆ..." ಕೆಮ್ಮಿದರು.

ಫೆಬ್ರವರಿ ೨೪, ಗುರುವಾರ

ಎಲ್ಲವನ್ನೂ ಬರೆಯಬೇಕು. ಶಾಯಿ ಸಾಲುತ್ತದೋ ಇಲ್ಲವೋ.

ಕಚೇರಿಯ ದೊಡ್ಡ ಕೋಣೆ ಕಿಕ್ಕಿರಿದಿತ್ತು. ಕಿಟಕಿಗಳಾಚೆ ಜಗಲಿಯ ಮೇಲೆ ಕೆಳಬೀದಿ ಪೂರ್ತಿ ಬಂದಿತ್ತು, ಖಾಲಿ ಕೊಡಗಳ ಸಮೇತ. ಜವಾನ ಕೊಡಗಳನ್ನು ಹೊರಗಿಡಿ ಎಂದ. "ಹೊರಗೇ ಇದ್ದೀವಲ್ಲಪ್ಪ" ಎಂದಳು ಕೊಡದಕ್ಕ. ಮೇಲೆ ವಿಚಾರಣೆಯ ದೊರೆ, ತೆಳ್ಳಗೆ, ನಿದ್ದೆಗಣ್ಣು. ಪಕ್ಕದಲ್ಲಿ ದುಭಾಷಿ.

ನನ್ನನ್ನು ಕಟಕಟೆಗೆ ಕರೆದರು. ನಮ್ಮ ವಕೀಲರು ಕ್ಯಾಲೆಂಡರಿನ ಹಾಳೆ ತೋರಿಸಿದರು.

"ಇದು ನಿಮ್ಮ ಕೈಬರಹವೇ?"

"ಹೌದು."

"ಎರಡನೇ ಸಾಲಿನ ಶುರುವಿನಲ್ಲಿ ಏನಿದೆ, ಓದಿ."

"ನಲ್ಲಿ."

ದುಭಾಷಿ ದೊರೆಗಳ ಭಾಷೆಯಲ್ಲಿ ನೀರಿನ ನಲ್ಲಿ ಎಂದೇ ಹೇಳಿದ. ದೊರೆ ಬರೆದುಕೊಂಡರು. ನಮ್ಮ ವಕೀಲರು ಕೈ ಬೀಸಿದರು. "ಆ ನಲ್ಲಿ ಅಲ್ಲ, ಇದು ಬೇರೆ ನಲ್ಲಿ!" ದುಭಾಷಿ ಅದನ್ನೂ ಹೇಳಿದ. ಎಷ್ಟು ನಲ್ಲಿಗಳಿವೆ ಎಂದು ದೊರೆ ಕೇಳಿದರು. "ಒಂದೂ ಇಲ್ಲ ಸ್ವಾಮೀ, ಅದಕ್ಕೇ ಬಂದಿದ್ದೀವಿ" ಎಂದು ಜಗಲಿಯಿಂದ ಉತ್ತರ ಬಂತು.

ನಗು ಅಡಗಿದ ಮೇಲೆ ನಮ್ಮ ವಕೀಲರು ನನ್ನ ಕಡೆ ತಿರುಗಿದರು. "ಇದು ಸ್ವತಂತ್ರ ಪದವಲ್ಲ. ಹಿಂದಿನ ಪದದ ಬಾಲ. ಹೌದೋ ಅಲ್ಲವೋ?"

ಹೌದು. ವ್ಯಾಕರಣದ ಪ್ರಕಾರ ನೂರಕ್ಕೆ ನೂರು ಹೌದು. ಬಾಯಿ ತೆರೆದೆ. ಕತ್ತು ಇನ್ನೂ ವಕೀಲರ ಕಡೆ ತಿರುಗುತ್ತಿರಲಿಲ್ಲ, ಹಾಗಾಗಿ ಕಿಟಕಿಯ ಕಡೆಯೇ ನೋಡುತ್ತಿದ್ದೆ.

"ಅಚ್ಚುಕೂಟದ ಬಾಗಿಲು ದಾಟುವವರೆಗೆ ಬಾಲವಾಗಿತ್ತು ಸ್ವಾಮೀ. ಬೀದಿಗೆ ಇಳಿದ ಮೇಲೆ ಅದೇ ತಲೆಯಾಯಿತು."

ದುಭಾಷಿ ಬೆವರು ಒರೆಸಿಕೊಂಡು ಅನುವಾದ ಮಾಡಿದ. ಚರ್ಚೆ ಯಾವ ಪ್ರಾಣಿಯ ಬಗ್ಗೆ ಎಂದು ದೊರೆ ಕೇಳಿದರು.

ನಮ್ಮ ವಕೀಲರು ತಲೆ ಮೇಲೆ ಕೈಯಿಟ್ಟು ಕೂತರು. ಬೆಳ್ಳಿಕೋಲಿನವರು ನಕ್ಕರು. ಭಾವನ ಸ್ಥಾನ ನನ್ನ ಒಂದು ಮಾತಿಗೆ ಬಲಿಯಾಯಿತು ಎಂದುಕೊಂಡೆ. ಆಗ ಭಾವ ಎದ್ದರು.

"ನಾನು ಬರೆಸಿದ್ದು ಬೇರೆ, ಅಚ್ಚಾದದ್ದು ಬೇರೆ. ಅದು ನಿಜ. ಆದರೆ ಜನ ಅಚ್ಚಾದದ್ದನ್ನು ಓದಿ ನನ್ನನ್ನು ಕಳುಹಿಸಿದರು. ಗುಡ್ಡದ ಬಂಗಲೆಗಳಿಗೆ ನಲ್ಲಿ ಬರುವ ಮೊದಲು ಅಲ್ಲಿಗೆ ನೀರು ಹೊತ್ತವಳು ನಮ್ಮಮ್ಮ. ಅವಳ ನೆತ್ತಿಯಲ್ಲಿ ಕೊಡ ಕೂರುವಷ್ಟು ಜಾಗದಲ್ಲಿ ಕೂದಲು ಇರಲಿಲ್ಲ. ನಾನು ಆ ನಲ್ಲಿಯ ಮಾತನ್ನು ಬಾಯಿ ಬಿಟ್ಟು ಆಡಲು ನಾಚಿಕೊಂಡೆ. ಅಚ್ಚಿನ ಮೊಳೆ ನಾಚಿಕೊಳ್ಳಲಿಲ್ಲ. ಅದು ನನ್ನ ಮಾತೇ."

ಎಲ್ಲರೂ ಕೆಮ್ಮಿಗಾಗಿ ಕಾದೆವು. ಬರಲಿಲ್ಲ. ಭಾವ ಕೂತರು.

ದೊರೆ ಬೆಳ್ಳಿಕೋಲಿನವರನ್ನು ಕೇಳಿದರು: "ಕೆಳಬೀದಿಯಲ್ಲಿ ನಿಮ್ಮದು ಏನಾದರೂ ಇದೆಯೇ?"

"ಒಂದು ಉಗ್ರಾಣ ಇದೆ."

"ಅದಕ್ಕೆ ಬಾಗಿಲು ಇದೆಯೇ?"

"...ಇದೆ."

ಭಾವನ ಕಡೆ ತಿರುಗಿ, "ಆ ಬಾಗಿಲಿಗೂ ನಲ್ಲಿ ಬರುತ್ತದೆಯೇ?"

"ಬರುತ್ತದೆ."

ದೊರೆ ಲೇಖನಿಯ ಮುಚ್ಚಳ ಹಾಕಿದರು. ಎದುರಾಳಿಗೂ ಸೇರಿ ಎಲ್ಲರಿಗೂ ಕೊಡುವುದಕ್ಕೆ ಲಂಚ ಎನ್ನುವುದಿಲ್ಲ, ಸರ್ಕಾರ ಎನ್ನುತ್ತಾರೆ. ಅದು ಸರ್ಕಾರಕ್ಕೇ ಆಗಾಗ ಮರೆತುಹೋಗುತ್ತದೆ, ಎಂದರು. ತಕರಾರು ವಜಾ.

ಜಗಲಿಯಲ್ಲಿ ಕೊಡಗಳನ್ನು ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಕೊಡದಕ್ಕ ಭಾವನ ಕೆನ್ನೆ ತಟ್ಟಿದಳು: "ಏ ತಮ್ಮಾ, ಇವತ್ತು ಪೂರ್ತಿ ಅತ್ತೆ ನೋಡು." ಭಾವ ಅಳುತ್ತಿರಲಿಲ್ಲ. ಅಂದರೆ ಆಮೇಲೆ ಅತ್ತರು.

ಅಕ್ಕ ಮನೆಗೆ ಬಂದ ಮೇಲೆ ನನ್ನನ್ನು ಬೈದಳು. ಸಮಾಧಾನವಾಯಿತು.

ಮಾರ್ಚ್ ೨೨, ಮಂಗಳವಾರ

ರಾಜಧಾನಿ. ಬಜೆಟ್ಟಿನಲ್ಲಿ ಕೆಳಬೀದಿಗೆ ಕೊಳವೆ ಮಂಜೂರು! ಒಂದೇ ಓಟಿನಿಂದ! ಆ ಒಂದು ಓಟು ಗಡಿಯಾರದ ಕೆಳಗಿನ ಮುದುಕ ಸದಸ್ಯರದು. 'ಹ್ಹೆ' ಎಂದೇ ಕೈ ಎತ್ತಿದರು.

ಆದರೆ ಬೀದಿಯ ಮೂಲೆಯಲ್ಲಿ ಒಂದೇ ನಲ್ಲಿ. ಬಾಗಿಲು ಬಾಗಿಲಿಗೆ ಕೊಳವೆ ಎಳೆಯುವುದು ಊರಿನ ಪುರಸಭೆಯ ಕೆಲಸವಂತೆ. ಭಾವನ ಮುಖ ಸಪ್ಪಗಾಯಿತು. ನಾನು ಇಡೀ ಸಂಜೆ ಪುರಸಭೆಯ ಕಾಯಿದೆ ಓದಿದೆ. ಪ್ರಾಸವೇ ಇಲ್ಲದ ಪುಸ್ತಕ. ಆದರೂ ಮುಗಿಸಿದೆ.

ಜೂನ್ ೪, ಶನಿವಾರ

ನೀರು ಬಂತು ನೀರು ಬಂತು ನೀರು ಬಂತು.

ಕ್ರಮವಾಗಿ ಬರೆಯುತ್ತೇನೆ. ಬೆಳಿಗ್ಗೆ ನೋಡಿದರೆ ಬೀದಿಯ ಮೂಲೆಯಲ್ಲಿ ಹೊಸ ನಲ್ಲಿಯ ಪಕ್ಕದಲ್ಲೇ ಒಂದು ಬಾಗಿಲು ನಿಂತಿದೆ. ಗೋಡೆ ಇಲ್ಲ, ಮನೆ ಇಲ್ಲ. ಚೌಕಟ್ಟು, ಕದ, ಚಿಲಕ. ಹೆಂಗಸರು ಯಾವುದೋ ಬಿದ್ದ ಮನೆಯಿಂದ ಹೊತ್ತು ತಂದು ನೆಟ್ಟಿದ್ದರು.

"ಇದೇನಿದು?" ಎಂದೆ.

"ಬಾಗಿಲಿಗೆ ನಲ್ಲಿ ಅಂದಿದ್ರಿ. ಒಂದು ಬಾಗಿಲಿಗೆ ಆಯ್ತು," ಎಂದಳು ಕೊಡದಕ್ಕ. "ಇನ್ನು ಉಳಿದವಕ್ಕೆ."

ಲೋಕೋಪಯೋಗಿ ದೊರೆ ಉದ್ಘಾಟನೆಗೆ ಬಂದರು. ಬಾಗಿಲನ್ನು ಸುತ್ತಿಕೊಂಡು ಹೋಗಬಹುದಿತ್ತು. ಆದರೆ ಸಭ್ಯಸ್ಥ, ಮುಚ್ಚಿದ ಬಾಗಿಲು ಕಂಡರೆ ತಟ್ಟದೆ ಹೋಗಲು ಬಾರದು. ತಟ್ಟಿದರು. "ಯಾರು?" ಎಂದರು ಆಚೆ ಕಡೆಯಿಂದ ಹೆಂಗಸರು. "ಸರ್ಕಾರ!" ಎಂದ ದುಭಾಷಿ. "ನೀರು ತಂದಿದ್ರೆ ಬನ್ನಿ!"

ದೊರೆ ಟೋಪಿ ತೆಗೆದು, ಹೊಸ್ತಿಲು ದಾಟಿ, ನಲ್ಲಿ ತಿರುಗಿಸಿದರು. ಏನೂ ಬರಲಿಲ್ಲ. ಭಾವನ ಮುಖದ ಬಣ್ಣ ಹೋಯಿತು. ಆಮೇಲೆ ನಲ್ಲಿ ಥೇಟ್ ಭಾವನ ಹಾಗೇ ಕೆಮ್ಮಿತು.  ಇನ್ನೊಮ್ಮೆ ಕೆಮ್ಮಿತು. ಗಾಳಿ ಬಂತು, ಕೆಂಪು ನೀರು ಬಂತು, ಅದರ ಹಿಂದೆಯೇ ಅಂಗೈ ಅಗಲದ ಬೆಳ್ಳಗಿನ ಧಾರೆ ಧಡಾರನೆ ಬಿತ್ತು. ಬಗ್ಗಿ ನೋಡುತ್ತಿದ್ದ ಭಾವ ತಲೆಯಿಂದ ಕಾಲಿನವರೆಗೆ ಒದ್ದೆ. ಆ ಒದ್ದೆಯಲ್ಲೇ ಕೊಡದಕ್ಕನ ಕೊಡ ಹಿಡಿದು ಮೊದಲ ನೀರು ತುಂಬಿದರು.

ಅಕ್ಕ ಕುಣಿದಳು. ಇಲ್ಲ ಎನ್ನುತ್ತಾಳೆ. ಕುಣಿದಳು.

ಊಟಕ್ಕೆ ಕೂತಾಗ, "ನಮ್ಮ ಬೀದಿಗೆ ಇನ್ನು ಬಾಗಿಲು ಬಾಗಿಲಿಗೆ ಕೊಳವೆ ಎಳೆಸೋದೊಂದು ಉಳೀತು" ಎಂದೆ.

"ಯಾವ ನಮ್ಮ ಬೀದಿ? ನಾವಿರೋದು ನಡುಬೀದಿ" ಎಂದಳು ಅಕ್ಕ.

ಬಾಯಿ ಜಾರಿರಬೇಕು.

ಜೂನ್ ೧೯, ಭಾನುವಾರ

ಪುರಸಭೆಯ ಚುನಾವಣೆ ಬಂತು. ಕೆಳಬೀದಿಯಿಂದ ಬೆಳ್ಳಿಕೋಲಿನವರೇ ನಿಲ್ಲುತ್ತಾರಂತೆ, ಉಗ್ರಾಣದ ವಿಳಾಸದಲ್ಲಿ. ಅವರು ಗೆದ್ದರೆ ಕೊಳವೆ ಉಗ್ರಾಣದ ಬಾಗಿಲಿಗೆ ಬಂದು ಅಲ್ಲೇ ನಿಲ್ಲುತ್ತದೆ. ಸಂಜೆ ಕೆಳಬೀದಿಯವರು ನಮ್ಮ ಜಗಲಿಗೆ ಬಂದು, ನೀವು ನಿಲ್ಲಿ ಎಂದು ನನ್ನನ್ನು ಕೇಳಿದರು. ನನ್ನನ್ನು! ಭಾವ ಪೇಪರಿನ ಹಿಂದೆ ನಗುತ್ತಿದ್ದರು.

ಅಸಾಧ್ಯ. ನನಗೆ ನಕಾರ ಬಾಕಿ ಇದೆ. ಎಲ್ಲರಿಗೂ ತಿಳಿಯುವಂತೆ ಒಂದು ಪ್ರಕಟಣೆ ಬರೆದೆ: ಪ್ರತಿ ಬಾಗಿಲಿಗೆ ನಲ್ಲಿ ಬರಲೇಬೇಕು, ಆದರೆ ಚುನಾವಣೆಗೆ ನಾನು ನಿಲ್ಲುವುದಿಲ್ಲ. ಪದ ಎಲ್ಲಿಯೂ ಒಡೆಯದಂತೆ ಎಚ್ಚರ ವಹಿಸಿದೆ. ಅಚ್ಚಣ್ಣನಿಗೆ ಕೊಟ್ಟು, ಈ ಸಲ ಕರಡಚ್ಚು ನನಗೆ ತೋರಿಸದೆ ಒಂದು ಮೊಳೆಯನ್ನೂ ಮುಟ್ಟಕೂಡದು ಎಂದು ಹೇಳಿ ಬಂದೆ.

ಜೂನ್ ೨೨, ಬುಧವಾರ

ಕರಡಚ್ಚು ಬಂತು. ಅಚ್ಚಣ್ಣ ತಾನೇ ತಂದ.

"ಉದ್ದ ಇತ್ತು ಮೇಷ್ಟ್ರೇ, ಸ್ವಲ್ಪ ಮೊಟಕು ಮಾಡಿದ್ದೀನಿ. ಕೊನೇಲಿ ಒಂದು ಗುಡಿಸು ಬಿಟ್ಟುಹೋಗಿತ್ತು, ಹಾಕಿದ್ದೀನಿ. ಅರ್ಥ ಬಂತು."

ಓದಿದೆ:

ಪ್ರತಿ ಬಾಗಿಲಿಗೆ ನಲ್ಲಿ.
ನಾನು ನಿಲ್ಲುವುದಿಲ್ಲಿ.

ಒಂದು ಗುಡಿಸು! 'ಇಲ್ಲ'ದ ತಲೆಯ ಮೇಲೆ ಒಂದು ಸಣ್ಣ ಕೊಂಕು, ಅಷ್ಟರಿಂದ ಅದು 'ಇಲ್ಲಿ' ಆಗಿ ಬೀದಿಯ ನಡುವೆ ಕಾಲೂರಿ ನಿಂತಿದೆ. ಕೆಂಪು ಶಾಯಿ ತೆಗೆದೆ. ಅಚ್ಚುದೋಷ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದು ಊರಿಗೇ ಗೊತ್ತು. ಲೇಖನಿ ಅದ್ದಿ ಹಿಡಿದುಕೊಂಡು ಎರಡು ಸಾಲನ್ನೂ ಜೋರಾಗಿ ಓದಿದೆ. ಇನ್ನೊಮ್ಮೆ ಓದಿದೆ. ಒಳಗಿನಿಂದ ಅಕ್ಕನೂ ಓದಿದಳು, ನೋಡದೆ.

"ಏನಾದ್ರೂ ತಿದ್ದೋದು ಇದೆಯಾ?" ಎಂದ ಅಚ್ಚಣ್ಣ.

ನಲ್ಲಿ, ಇಲ್ಲಿ. ಇಂಥ ಪ್ರಾಸವನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಬೇರೆ ಕಾರಣವೇನೂ ಇಲ್ಲ. ಅಚ್ಚಿಗೆ ಹೋಗಲಿ ಎಂದೆ. ಅಚ್ಚಣ್ಣ ಹೋದ ಮೇಲೆ ಪ್ರಾಸಕೋಶ ಹುಡುಕಿದೆ. ಸಿಗಲಿಲ್ಲ. ನಲ್ಲಿಯ ಪಕ್ಕದ ಆ ಬಾಗಿಲು ವಾಲದಂತೆ ಚೌಕಟ್ಟಿನ ಬುಡಕ್ಕೆ ನಾನೇ ಏನೋ ದಪ್ಪನೆಯದು ಕೊಟ್ಟಿದ್ದ ನೆನಪು. ಬೆಳಿಗ್ಗೆ ನೀರಿನ ಸಾಲು ಶುರುವಾಗುವ ಮೊದಲು ಹೋಗಿ ನೋಡಬೇಕು.